ಪ್ರಿಸ್ಕ್ರಿಪ್ಷನ್

ಮೆಡಿಕಲ್ ಶಾಪಿನಲ್ಲಿ ಇದು ಬರೀ ‘ಚೀಟಿ’. ಡಾಕ್ಟರು ‘ಬರೆದುಕೊಟ್ಟರು’ ಎಂದರೂ ಸಾಕು, ಏನನ್ನು ಎಂದು ಯಾರೂ ಕೇಳುವುದಿಲ್ಲ. ಪ್ರಿಸ್ಕ್ರಿಪ್ಷನ್ ಪದದ ಮೂಲ ಲ್ಯಾಟಿನ್: ‘ಪ್ರೇ’ ಎಂದರೆ ಮೊದಲು, ‘ಸ್ಕ್ರೀಬೆರೆ’ ಎಂದರೆ ಬರೆಯುವುದು. ಮದ್ದು ಕೊಡುವ ಮೊದಲೇ ಬರೆದಿಟ್ಟ ಅಪ್ಪಣೆ. ಚೀಟಿಯ ನೆತ್ತಿಯ ಮೇಲಿನ ‘ಆರ್‌ಎಕ್ಸ್’ ಗುರುತು ‘ರೆಸಿಪೆ’ ಎಂಬುದರ ಸಂಕ್ಷಿಪ್ತ ರೂಪ. ‘ತೆಗೆದುಕೋ’ ಎಂಬ ಆ ಮಾತು ರೋಗಿಗಲ್ಲ, ಔಷಧ ಬೆರೆಸುವವನಿಗೆ.

ಕೆಳಗೆ ಬರುವ ‘ಬಿ.ಡಿ.’ ಎಂದರೆ ‘ಬಿಸ್ ದಿಯೆ’, ದಿನಕ್ಕೆರಡು ಸಲ. ನಮ್ಮ ಚೀಟಿಗಳಲ್ಲಿ ಅದೇ 1-0-1. ಈ ಲೆಕ್ಕದ ಹಿಂದಿರುವುದು ಔಷಧಶಾಸ್ತ್ರ. ಅಮಾಕ್ಸಿಸಿಲಿನ್ ರಕ್ತದಲ್ಲಿ ಸುಮಾರು ಒಂದು ಗಂಟೆಯಲ್ಲೇ ಅರ್ಧಕ್ಕಿಳಿಯುತ್ತದೆ, ಅದಕ್ಕೇ ಸಾಮಾನ್ಯವಾಗಿ ದಿನಕ್ಕೆ ಮೂರು ಸಲ. ಬಿಪಿಯ ಅಮ್ಲೋಡಿಪಿನ್‌ಗೆ 30ರಿಂದ 50 ಗಂಟೆ ಬೇಕು, ದಿನಕ್ಕೊಂದು ಸಾಕು.

ಬರೆಯುವ ಹಕ್ಕು ಯಾರದು?

1965ರಲ್ಲಿ ಅಮೆರಿಕದ ಕೊಲರಾಡೊದಲ್ಲಿ ಲೊರೆಟ್ಟಾ ಫೋರ್ಡ್ ಮತ್ತು ಹೆನ್ರಿ ಸಿಲ್ವರ್ ನರ್ಸ್ ಪ್ರಾಕ್ಟೀಷನರ್ ತರಬೇತಿ ಆರಂಭಿಸಿದರು. ಇಂದು ಅಮೆರಿಕದ 50 ರಾಜ್ಯಗಳಲ್ಲೂ ಈ ತರಬೇತಿ ಪಡೆದ ನರ್ಸ್‌ಗಳು ಔಷಧ ಬರೆಯಬಲ್ಲರು, ಕೆಲವೆಡೆ ವೈದ್ಯರೊಂದಿಗಿನ ಒಪ್ಪಂದದ ಮೇಲೆ. ಭಾರತದಲ್ಲಿ 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯ 32ನೇ ಕಲಂ, ಸೀಮಿತ ಪರವಾನಗಿ ಪಡೆದ ಸಮುದಾಯ ಆರೋಗ್ಯ ಸೇವಾದಾರರಿಗೆ ಪ್ರಾಥಮಿಕ ಆರೈಕೆಯಲ್ಲಿ ನಿರ್ದಿಷ್ಟ ಔಷಧ ಬರೆಯುವ ಅವಕಾಶ ಇಟ್ಟಿದೆ. ಔಷಧಶಾಸ್ತ್ರವನ್ನು ಗಟ್ಟಿಯಾಗಿ ಕಲಿತ ನರ್ಸ್‌ಗೂ ಆ ಪೆನ್ನು ಸಿಗಬೇಕು.