ಮನೆತನದ ಸಕ್ಕರೆ: ಮೈಸೂರಿನ ಹಳೆಯ ದಾಖಲೆಗಳು ಹೇಳುವ ಕಥೆ

ಮದುವೆ ಮನೆಯ ಊಟದ ಪಂಕ್ತಿಯನ್ನು ಒಮ್ಮೆ ನೆನಪು ಮಾಡಿಕೊಳ್ಳಿ. ಹೋಳಿಗೆ ಬಡಿಸುವವರು ಹತ್ತಿರ ಬಂದಾಗ ಎಲೆಗೆ ಅಡ್ಡವಾಗಿ ಕೈ ಹಿಡಿಯುವ ಹಿರಿಯರೊಬ್ಬರು ಅಲ್ಲಿ ಇದ್ದೇ ಇರುತ್ತಾರೆ. "ಬೇಡಪ್ಪ, ನನಗೆ ಸಕ್ಕರೆ ಇದೆ" ಎನ್ನುತ್ತಾರೆ ಅವರು. "ನಿಮ್ಮ ತಂದೆಯವರಿಗೂ ಇತ್ತಲ್ಲವೇ?" ಎಂದು ಪಕ್ಕದವರು ಕೇಳುತ್ತಾರೆ. "ಹೌದು, ನಮ್ಮ ಮನೆತನದಲ್ಲೇ ಇದೆ" ಎಂಬ ಉತ್ತರದೊಂದಿಗೆ ಮಾತು ಮುಗಿಯುತ್ತದೆ.

ಆದರೆ ವಿದ್ಯಾರ್ಥಿಗಳಾದ ನೀವು ಮಾತನ್ನು ಅಲ್ಲಿಗೆ ಮುಗಿಸಬಾರದು. ಮನೆತನದಲ್ಲಿ ಇದೆ ಎಂದರೆ ಏನರ್ಥ? ತಾತನಿಂದ ತಂದೆಗೆ, ತಂದೆಯಿಂದ ಮಗನಿಗೆ ಇಳಿದು ಬರುವುದು ರಕ್ತದ ಗುಣವೇ? ಅಡುಗೆ ಮನೆಯ ರೂಢಿಯೇ? ಅಥವಾ ಇವೆರಡೂ ಅಲ್ಲದ ಮೂರನೆಯದೊಂದು ಇದೆಯೇ? ಈ ಪ್ರಶ್ನೆಗೆ ಉತ್ತರ ಹುಡುಕಿದ ಇತಿಹಾಸದಲ್ಲಿ ನಮ್ಮ ಮೈಸೂರಿನ ಒಂದು ಆಸ್ಪತ್ರೆಗೆ ಮುಖ್ಯವಾದ ಸ್ಥಾನವಿದೆ.

ಹಳೆಯ ವೈದ್ಯರು ಕಂಡ ಎರಡು ಬಗೆ

ಮಧುಮೇಹ ಹೊಸ ಕಾಯಿಲೆಯಲ್ಲ. ರೋಗಿಯ ಮೂತ್ರಕ್ಕೆ ಇರುವೆ ಮುತ್ತುವುದನ್ನು ನಮ್ಮ ಪ್ರಾಚೀನ ವೈದ್ಯರು ಗಮನಿಸಿದ್ದರು. ಸುಶ್ರುತ ಸಂಹಿತೆಯು ಈ ರೋಗವನ್ನು ಎರಡು ಬಗೆಯಾಗಿ ವಿಂಗಡಿಸುತ್ತದೆ. ಮೊದಲನೆಯದು ಹುಟ್ಟಿನಿಂದ ಬಂದದ್ದು, ಅಂದರೆ ಸಹಜ. ಎರಡನೆಯದು ತಪ್ಪು ಆಹಾರ ವಿಹಾರಗಳಿಂದ ಬಂದದ್ದು. ಮೊದಲನೆಯ ಬಗೆಯ ರೋಗಿ ಕೃಶನಾಗಿಯೂ ಎರಡನೆಯ ಬಗೆಯವನು ಸ್ಥೂಲನಾಗಿಯೂ ಇರುತ್ತಾನೆಂದು ಅಲ್ಲಿ ಹೇಳಿದೆ. ಬಹುದೂರ ನಡೆಯುವುದು, ಬಾವಿ ತೋಡುವುದು ಮುಂತಾದ ಶ್ರಮವೂ ಅದರ ಚಿಕಿತ್ಸೆಗಳ ಸಾಲಿನಲ್ಲಿ ಸೇರಿದೆ.

ಇಂದಿನ ವಿಜ್ಞಾನವೂ ಎರಡು ಮುಖ್ಯ ಬಗೆಗಳನ್ನು ಹೇಳುತ್ತದೆ. ನಮ್ಮ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ಎಂಬ ಹಾರ್ಮೋನು ತಯಾರಾಗುತ್ತದೆ. ರಕ್ತದಲ್ಲಿರುವ ಸಕ್ಕರೆ ಜೀವಕೋಶಗಳ ಒಳಗೆ ಹೋಗಲು ಬಾಗಿಲು ತೆರೆಯುವ ಕೀಲಿಕೈ ಇದು. ಒಂದನೆಯ ಬಗೆಯ ಮಧುಮೇಹದಲ್ಲಿ ಈ ಕೀಲಿಕೈಯನ್ನು ತಯಾರಿಸುವ ಕೋಶಗಳೇ ನಾಶವಾಗುತ್ತವೆ. ಇದು ಹೆಚ್ಚಾಗಿ ಚಿಕ್ಕ ವಯಸ್ಸಿನಲ್ಲಿ ಕಾಣಿಸಿಕೊಳ್ಳುತ್ತದೆ. ಸಿಹಿ ತಿಂದದ್ದರಿಂದಾಗಲಿ ಸೋಮಾರಿತನದಿಂದಾಗಲಿ ಬರುವುದಲ್ಲ. ಎರಡನೆಯ ಬಗೆಯಲ್ಲಿ ಕೀಲಿಕೈ ಇದ್ದರೂ ಬೀಗ ತುಕ್ಕು ಹಿಡಿದಿರುತ್ತದೆ. ಅದನ್ನು ತೆರೆಯಲು ಗ್ರಂಥಿ ಹೆಚ್ಚು ಹೆಚ್ಚು ದುಡಿದು, ಕೊನೆಗೆ ಸೋಲುತ್ತದೆ. ಮನೆತನದಲ್ಲಿ ಇದೆ ಎಂದು ಪಂಕ್ತಿಯ ಹಿರಿಯರು ಹೇಳಿದ್ದು ಈ ಎರಡನೆಯ ಬಗೆಯನ್ನು ಕುರಿತು.

ಜೀನುಗಳ ವಾದ, ಬಸಿರಿನ ವಾದ

1962ರಲ್ಲಿ ಅಮೆರಿಕದ ತಳಿವಿಜ್ಞಾನಿ ಜೇಮ್ಸ್ ನೀಲ್ ಒಂದು ವಾದವನ್ನು ಮುಂದಿಟ್ಟರು. ಬರಗಾಲಗಳ ನಡುವೆ ಬದುಕಿದ ಪೂರ್ವಿಕರಲ್ಲಿ, ಸಿಕ್ಕಿದ ಆಹಾರವನ್ನು ಬೇಗನೆ ಕೊಬ್ಬಾಗಿ ಕೂಡಿಡಬಲ್ಲ ಜೀನುಗಳಿದ್ದವರು ಉಳಿದುಕೊಂಡರು. ಅದೇ ಜೀನುಗಳು ಸಮೃದ್ಧಿಯ ಕಾಲದಲ್ಲಿ ಮಧುಮೇಹಕ್ಕೆ ಕಾರಣವಾಗುತ್ತವೆ ಎಂಬುದು ಅವರ ವಾದ.

ಇದಕ್ಕೆ ಬೇರೊಂದು ಉತ್ತರ ಬಂದದ್ದು ಇಂಗ್ಲೆಂಡಿನ ಹಳೆಯ ದಫ್ತರಗಳಿಂದ. ಹರ್ಟ್‌ಫರ್ಡ್‌ಶೈರ್ ಎಂಬ ಪ್ರಾಂತದಲ್ಲಿ 1911ರಿಂದ ಎಥೆಲ್ ಮಾರ್ಗರೆಟ್ ಬರ್ನ್‌ಸೈಡ್ ಎಂಬ ಆರೋಗ್ಯ ಅಧಿಕಾರಿಣಿಯ ಮೇಲ್ವಿಚಾರಣೆಯಲ್ಲಿ ಹುಟ್ಟಿದ ಮಕ್ಕಳ ತೂಕವನ್ನು ಬರೆದಿಡಲಾಗಿತ್ತು. ಹಲವು ದಶಕಗಳ ನಂತರ ಡೇವಿಡ್ ಬಾರ್ಕರ್ ಎಂಬ ವೈದ್ಯರು ಆ ಪುಸ್ತಕಗಳನ್ನು ಬಿಡಿಸಿ, ಅದರಲ್ಲಿದ್ದ ಶಿಶುಗಳು ದೊಡ್ಡವರಾದ ಮೇಲೆ ಏನಾದರು ಎಂಬುದನ್ನು ಪತ್ತೆಹಚ್ಚಿದರು. ಹುಟ್ಟುವಾಗ ಕಡಿಮೆ ತೂಕವಿದ್ದವರಲ್ಲಿ ಹೃದಯರೋಗ ಹೆಚ್ಚಾಗಿತ್ತು. 1991ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮಧುಮೇಹಕ್ಕೂ ಇಂಥದೇ ನಂಟು ಕಂಡುಬಂತು. ಬಸಿರಿನಲ್ಲಿ ಪೋಷಣೆ ಸಾಲದಾದಾಗ ಶಿಶು ಮಿತವ್ಯಯಿಯಾಗುತ್ತದೆ; ಮೆದುಳನ್ನು ಉಳಿಸಿಕೊಂಡು ಮೇದೋಜೀರಕ ಗ್ರಂಥಿ, ಸ್ನಾಯು ಮುಂತಾದವುಗಳಲ್ಲಿ ಉಳಿತಾಯ ಮಾಡುತ್ತದೆ. ಮುಂದೆ ಹೇರಳವಾದ ಆಹಾರ ಸಿಕ್ಕಾಗ ಆ ದೇಹಕ್ಕೆ ಅದನ್ನು ನಿಭಾಯಿಸುವ ಶಕ್ತಿ ಇರುವುದಿಲ್ಲ. ಹೀಗೆಂದು ಬಾರ್ಕರ್ ಅವರೂ ಅವರ ಸಹೋದ್ಯೋಗಿ ಹೇಲ್ಸ್ ಅವರೂ 1992ರಲ್ಲಿ ವಾದಿಸಿದರು.

ಇದು ಇಂಗ್ಲೆಂಡಿನ ಮಾತಾಯಿತು. ತೆಳ್ಳಗಿನ ತಾಯಂದಿರೂ ಪುಟ್ಟ ಶಿಶುಗಳೂ ಹೆಚ್ಚಾಗಿರುವ ಭಾರತದಲ್ಲಿ ಇದನ್ನು ಪರೀಕ್ಷಿಸುವುದು ಹೇಗೆ? ಐವತ್ತು ವರ್ಷಗಳ ಹಿಂದಿನ ಶಿಶುಗಳ ತೂಕ ಇಲ್ಲಿ ಯಾರ ಬಳಿ ಇದ್ದೀತು?

ಮಂಡಿ ಮೊಹಲ್ಲಾದ ಆಸ್ಪತ್ರೆ

ಮೈಸೂರಿನ ಮಂಡಿ ಮೊಹಲ್ಲಾದಲ್ಲಿರುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ಊರಿನವರ ಬಾಯಲ್ಲಿ ಮಿಷನ್ ಆಸ್ಪತ್ರೆ. ಅಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಟ್ಟಿದ್ದರು. ತಾಯಿಯ ತೂಕವೂ ಅದರಲ್ಲಿತ್ತು. ಹೆರಿಗೆ ಮಾಡಿಸಿದ ದಾದಿಯರು ಅಂದಿನ ಕೆಲಸವೆಂದು ಬರೆದ ಆ ಅಂಕಿಗಳು ಅರ್ಧ ಶತಮಾನದ ನಂತರ ವಿಜ್ಞಾನದ ಸಂಪತ್ತಾಗುತ್ತವೆಂದು ಅವರಿಗೆ ತಿಳಿದಿರಲಿಲ್ಲ.

1990ರ ದಶಕದಲ್ಲಿ ಆಸ್ಪತ್ರೆಯ ವೈದ್ಯರೂ ಇಂಗ್ಲೆಂಡಿನ ಸೌತಾಂಪ್ಟನ್‌ನ ಕ್ಯಾರೊಲಿನ್ ಫಾಲ್ ಮೊದಲಾದ ಸಂಶೋಧಕರೂ ಸೇರಿ ಕೆಲಸಕ್ಕೆ ತೊಡಗಿದರು. ಸುತ್ತಲಿನ ಬಡಾವಣೆಗಳಲ್ಲಿ ಮನೆಮನೆಗೆ ಹೋಗಿ, ಆ ಆಸ್ಪತ್ರೆಯಲ್ಲಿ ಹುಟ್ಟಿದವರನ್ನು ಹುಡುಕಿ, ಹಳೆಯ ದಾಖಲೆಯೊಂದಿಗೆ ತಾಳೆ ನೋಡಿದರು. ಹೀಗೆ ಸಿಕ್ಕ 517 ಮಂದಿಯ ಅಧ್ಯಯನ 1996ರಲ್ಲಿ ಪ್ರಕಟವಾಯಿತು. ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯರೋಗವಿತ್ತು. ಮೂರು ಕಿಲೋಗೂ ಮೀರಿದ್ದವರಲ್ಲಿ ಅದು ನೂರಕ್ಕೆ 3 ಮಾತ್ರ. ಹೃದಯದ ಮಟ್ಟಿಗೆ ಇಂಗ್ಲೆಂಡಿನ ಮಾತು ಮೈಸೂರಿನಲ್ಲೂ ನಿಜವಾಯಿತು.

ಆದರೆ ಮಧುಮೇಹದ ಲೆಕ್ಕ ತೆಗೆದಾಗ ಒಗಟೊಂದು ಎದುರಾಯಿತು. 1998ರಲ್ಲಿ ಪ್ರಕಟವಾದ ಆ ಲೆಕ್ಕದ ಪ್ರಕಾರ, ಮೈಸೂರಿನಲ್ಲಿ ಮಧುಮೇಹ ಹೆಚ್ಚಾಗಿ ಕಂಡದ್ದು ಬಡಕಲು ಶಿಶುಗಳಾಗಿ ಹುಟ್ಟಿದವರಲ್ಲಿ ಅಲ್ಲ. ಉದ್ದ ಕಡಿಮೆಯಿದ್ದು, ಉದ್ದಕ್ಕೆ ಹೋಲಿಸಿದರೆ ದುಂಡಾಗಿದ್ದ ಶಿಶುಗಳಲ್ಲಿ. ಅವರ ತಾಯಂದಿರು ಉಳಿದವರಿಗಿಂತ ಹೆಚ್ಚು ತೂಕದವರಾಗಿದ್ದರು.

ಹಾಗಾದರೆ ಕಾರಣವೇನು? ಸಂಶೋಧಕರ ಊಹೆ ಹೀಗಿತ್ತು. ಬಾಲ್ಯದಲ್ಲಿ ಪೋಷಣೆ ಸಾಲದೆ ಬೆಳೆದು, ನಂತರ ಪಟ್ಟಣದ ಬದುಕಿನಲ್ಲಿ ತೂಕ ಏರಿದ ತಾಯಿಗೆ ಗರ್ಭಿಣಿಯಾಗಿದ್ದಾಗ ರಕ್ತದ ಸಕ್ಕರೆ ತುಸು ಹೆಚ್ಚಿರಬಹುದು. ತಾಯಿಯ ಸಕ್ಕರೆ ಮಾಸುಚೀಲವನ್ನು ದಾಟಿ ಶಿಶುವನ್ನು ತಲುಪುತ್ತದೆ. ತಾಯಿಯ ಇನ್ಸುಲಿನ್ ದಾಟುವುದಿಲ್ಲ. ಆದ್ದರಿಂದ ಶಿಶುವಿನ ಗ್ರಂಥಿಯೇ ಹೆಚ್ಚು ದುಡಿಯಬೇಕು. ಆಗ ಶಿಶುವಿನಲ್ಲಿ ಕೊಬ್ಬು ಸೇರುತ್ತದೆ. 1940ರ ದಶಕದಲ್ಲಿ ಗರ್ಭಿಣಿಯರ ಸಕ್ಕರೆಯನ್ನು ಅಳೆದು ಬರೆದಿಟ್ಟಿರಲಿಲ್ಲವಾದ್ದರಿಂದ ಹಳೆಯ ದಾಖಲೆಯಿಂದ ಇದನ್ನು ಸಿದ್ಧಪಡಿಸಲಾಗದು.

ಆದ್ದರಿಂದ 1997ರಿಂದ ಅದೇ ಆಸ್ಪತ್ರೆಯಲ್ಲಿ ಗರ್ಭಿಣಿಯರ ಹೊಸ ಅಧ್ಯಯನವೊಂದು ಆರಂಭವಾಯಿತು. ಪರೀಕ್ಷಿಸಿದವರಲ್ಲಿ ನೂರಕ್ಕೆ ಸುಮಾರು 6 ಮಂದಿಗೆ ಗರ್ಭಾವಸ್ಥೆಯ ಮಧುಮೇಹವಿತ್ತು. ಅವರ ಮಕ್ಕಳನ್ನು ವರ್ಷ ವರ್ಷವೂ ಗಮನಿಸುತ್ತ ಬಂದಾಗ, ಒಂಬತ್ತೂವರೆ ವರ್ಷದ ಹೊತ್ತಿಗೆ ಅವರಲ್ಲಿ ಉಳಿದ ಮಕ್ಕಳಿಗಿಂತ ಹೆಚ್ಚು ಕೊಬ್ಬು, ಹೆಚ್ಚು ಇನ್ಸುಲಿನ್ ಕಂಡುಬಂತು. ಒಂದು ತಲೆಮಾರಿನ ಸಕ್ಕರೆ ಮುಂದಿನ ತಲೆಮಾರಿನ ಮೇಲೆ ಬಸಿರಿನಲ್ಲೇ ಗುರುತು ಬಿಡುತ್ತದೆ ಎಂಬುದಕ್ಕೆ ಇದು ಬಲವಾದ ಸೂಚನೆ.

ತೆಳ್ಳಗಿದ್ದೂ ದಪ್ಪಗಿರುವವರು

ಇದೇ ಕಾಲದಲ್ಲಿ ಪುಣೆಯಲ್ಲಿ ಡಾ. ಚಿತ್ತರಂಜನ್ ಯಾಜ್ಞಿಕ್ ಅವರ ತಂಡ 1993ರಿಂದ ಸುತ್ತಲಿನ ಆರು ಹಳ್ಳಿಗಳ ತಾಯಂದಿರನ್ನೂ ಶಿಶುಗಳನ್ನೂ ಅಧ್ಯಯನ ಮಾಡುತ್ತಿತ್ತು. ಅಲ್ಲಿನ ಶಿಶುಗಳ ಸರಾಸರಿ ತೂಕ ಸುಮಾರು 2.7 ಕಿಲೋ. ಇಂಗ್ಲೆಂಡಿನ ಶಿಶುಗಳದು ಸುಮಾರು 3.5 ಕಿಲೋ. ನಮ್ಮ ಶಿಶುಗಳಲ್ಲಿ ಕಡಿಮೆಯಾಗಿದ್ದದ್ದು ಮುಖ್ಯವಾಗಿ ಸ್ನಾಯು; ಕೊಬ್ಬು ಅಷ್ಟಾಗಿ ಕಡಿಮೆಯಾಗಿರಲಿಲ್ಲ.

ಈ ಸಂಗತಿಯನ್ನು ವಿನೋದವಾಗಿ ವಿವರಿಸಲು ಯಾಜ್ಞಿಕ್ ಅವರು 2004ರಲ್ಲಿ ಲಂಡನ್ನಿನ ವೈದ್ಯ ಮಿತ್ರ ಜಾನ್ ಯುಡ್ಕಿನ್ ಅವರೊಂದಿಗೆ ತಮ್ಮದೇ ಚಿತ್ರವನ್ನು ಪ್ರಕಟಿಸಿದರು. ಎತ್ತರಕ್ಕೆ ಹೋಲಿಸಿದ ತೂಕದ ಸೂಚ್ಯಂಕ ಇಬ್ಬರದೂ 22.3. ಆದರೆ ಯುಡ್ಕಿನ್ ಅವರ ದೇಹದಲ್ಲಿ ಕೊಬ್ಬು ಶೇಕಡಾ 9.1, ಯಾಜ್ಞಿಕ್ ಅವರದು ಶೇಕಡಾ 21.2! "ನಾನು ಸಣ್ಣಗಿದ್ದೇನೆ, ನನಗೇನೂ ಆಗದು" ಎನ್ನುವವರು ಈ ಎರಡು ಅಂಕಿಗಳನ್ನು ನೆನಪಿಡಬೇಕು.

ಅಜ್ಜಿಯ ಬೀಸುಕಲ್ಲು

ಇನ್ನು ಅಡುಗೆ ಮನೆಗೂ ಅಂಗಳಕ್ಕೂ ಬರೋಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 1970ರ ದಶಕದಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಪಟ್ಟಣಗಳಲ್ಲಿ ಶೇಕಡಾ 2.1, ಹಳ್ಳಿಗಳಲ್ಲಿ ಶೇಕಡಾ 1.5 ಮಂದಿಗೆ ಮಧುಮೇಹವಿತ್ತು. ಅದೇ ಮಂಡಳಿಯ ನೆರವಿನ ಅಧ್ಯಯನವೊಂದು 2023ರಲ್ಲಿ ಕೊಟ್ಟ ಅಂದಾಜು ಶೇಕಡಾ 11.4, ಅಂದರೆ ಸುಮಾರು ಹತ್ತು ಕೋಟಿ ಜನ. ಎರಡು ಸಮೀಕ್ಷೆಗಳ ವಿಧಾನ ಒಂದೇ ಅಲ್ಲವಾದ್ದರಿಂದ ಅಂಕಿಗೆ ಅಂಕಿ ಹೋಲಿಸುವುದು ಸರಿಯಲ್ಲ. ಆದರೂ ಏರಿಕೆ ದೊಡ್ಡದೆಂಬುದರಲ್ಲಿ ಸಂಶಯವಿಲ್ಲ. ಎರಡು ತಲೆಮಾರಿನಲ್ಲಿ ಒಂದು ದೇಶದ ಜೀನುಗಳು ಇಷ್ಟು ಬದಲಾಗಲಾರವು. ಬದಲಾದದ್ದು ಬದುಕು.

ಹಳೆ ಮೈಸೂರು ಸೀಮೆಯ ಅಜ್ಜಿ ಬೆಳಗಿನ ಜಾವಕ್ಕೆ ಎದ್ದು ರಾಗಿ ಬೀಸುತ್ತಿದ್ದಳು. ನೀರು ಸೇದುತ್ತಿದ್ದಳು, ಹೊಲಕ್ಕೆ ನಡೆಯುತ್ತಿದ್ದಳು. ಬೀಸುವ ಪದಗಳೆಂಬ ಜಾನಪದ ಪ್ರಕಾರವೇ ನಮ್ಮಲ್ಲಿ ಹುಟ್ಟುವಷ್ಟು ಹೊತ್ತು ಆ ಕೆಲಸ ಹಿಡಿಯುತ್ತಿತ್ತು. ನಂತರ ಹಿಟ್ಟಿನ ಗಿರಣಿ ಬಂತು, ನಲ್ಲಿ ಬಂತು, ಬಸ್ಸು ಬಂತು, ದ್ವಿಚಕ್ರ ವಾಹನ ಬಂತು. ಇವೆಲ್ಲ ಬೇಕಾದವೇ. ಆದರೆ ದುಡಿಮೆ ಇಳಿದಂತೆ ತಟ್ಟೆಯ ಅಳತೆ ಇಳಿಯಲಿಲ್ಲ. ಅದರ ಜೊತೆಗೆ ಪಾಲಿಶ್ ಮಾಡಿದ ಅಕ್ಕಿ, ಮೈದಾ, ಸಕ್ಕರೆ, ಕರಿದ ತಿಂಡಿ ಹೆಚ್ಚಿದವು.

ಹಾಗೆಂದು ಅಜ್ಜಿಯ ಕಾಲವೇ ಚಿನ್ನದ ಕಾಲವೆಂದು ತಿಳಿಯಬೇಡಿ. ಎಷ್ಟೋ ಮನೆಗಳಲ್ಲಿ ಅದೇ ಅಜ್ಜಿ ಎಲ್ಲರೂ ಉಂಡ ಮೇಲೆ ತಳದಲ್ಲಿ ಉಳಿದದ್ದನ್ನು ಉಣ್ಣುತ್ತಿದ್ದಳು. ಗರ್ಭಿಣಿಯಾಗಿದ್ದಾಗಲೂ ಅಷ್ಟೇ. ಬೀಸುಕಲ್ಲು ಅವಳ ಸಕ್ಕರೆಯನ್ನು ಹತೋಟಿಯಲ್ಲಿಟ್ಟಿರಬಹುದು. ಆದರೆ ಅವಳ ಹಸಿವು ಅವಳ ಮಗುವಿನ ದೇಹಕ್ಕೆ ಇಳಿಯಿತು. ಮೊದಲ ತಲೆಮಾರಿನ ಕೊರತೆಯ ಮೇಲೆ ಮೂರನೆಯ ತಲೆಮಾರಿನ ಸಮೃದ್ಧಿ ಬಂದು ಕುಳಿತದ್ದೇ ನಮ್ಮ ದೇಶದ ಮಧುಮೇಹದ ಕಥೆಯ ಒಂದು ಮುಖ್ಯ ಅಧ್ಯಾಯ. ಇದರಲ್ಲಿ ತಾಯಿಯ ತಪ್ಪೇನೂ ಇಲ್ಲ. ಅವಳ ತಟ್ಟೆಗೆ ಕಡಿಮೆ ಬಡಿಸಿದ ಮನೆಯದೂ ಸಮಾಜದ್ದೂ ತಪ್ಪು.

ನಿಮ್ಮ ಕೈಯಲ್ಲಿರುವುದು

ಹೀಗೆ ಮನೆತನದಿಂದ ಬರುವುದು ಒಂದಲ್ಲ, ಮೂರು: ಜೀನು, ಬಸಿರು, ರೂಢಿ. ಮೊದಲನೆಯದನ್ನು ನಾವು ಬದಲಾಯಿಸಲಾರೆವು. ಉಳಿದ ಎರಡು ನಮ್ಮ ಕೈಯಲ್ಲಿವೆ.

ಇದು ಬರಿಯ ಉಪದೇಶವಲ್ಲ. ಮಧುಮೇಹದ ಹೊಸ್ತಿಲಲ್ಲಿ ನಿಂತಿದ್ದ 531 ಭಾರತೀಯರ ಮೇಲೆ ಚೆನ್ನೈನ ಡಾ. ಎ. ರಾಮಚಂದ್ರನ್ ಮತ್ತು ತಂಡದವರು ನಡೆಸಿದ ಪ್ರಯೋಗದ ಫಲಿತಾಂಶ 2006ರಲ್ಲಿ ಬಂತು. ವಿಶೇಷ ಸಲಹೆ ಇಲ್ಲದವರಲ್ಲಿ ಮೂರು ವರ್ಷಗಳಲ್ಲಿ ನೂರಕ್ಕೆ 55 ಮಂದಿಗೆ ಮಧುಮೇಹ ಬಂದಿತ್ತು. ದಿನಕ್ಕೆ ಅರ್ಧ ಗಂಟೆಯಾದರೂ ಬಿರುಸಾಗಿ ನಡೆಯುವಂತೆ, ಸಕ್ಕರೆಯನ್ನೂ ಜಿಡ್ಡನ್ನೂ ಕಡಿಮೆ ಮಾಡುವಂತೆ ಸಲಹೆ ಪಡೆದವರಲ್ಲಿ ಅದು ಸುಮಾರು 39ಕ್ಕೆ ಇಳಿಯಿತು. ಎಲ್ಲರೂ ಪಾರಾಗಲಿಲ್ಲ ನಿಜ. ಆದರೆ ನೂರರಲ್ಲಿ ಹದಿನಾರು ಮಂದಿ ಎಂದರೆ ಹದಿನಾರು ಮನೆಗಳು.

ಈಗ ನಿಮಗೊಂದು ಕೆಲಸ. ಈ ಭಾನುವಾರ ಒಂದು ಹಾಳೆ ತೆಗೆದುಕೊಂಡು ನಿಮ್ಮ ಮನೆಯ ಮೂರು ತಲೆಮಾರಿನ ವಂಶವೃಕ್ಷವನ್ನು ಬರೆಯಿರಿ. ಯಾರಿಗೆ ಸಕ್ಕರೆ ಇತ್ತು, ಯಾವ ವಯಸ್ಸಿನಲ್ಲಿ ಬಂತು ಎಂದು ಕೇಳಿ ಗುರುತು ಹಾಕಿ. ಪ್ರತಿಯೊಬ್ಬರೂ ಯಾವ ಕೆಲಸ ಮಾಡುತ್ತಿದ್ದರು, ಏನು ಉಣ್ಣುತ್ತಿದ್ದರು ಎಂಬುದನ್ನೂ ಬರೆಯಿರಿ. ಗುರುತು ಹೆಚ್ಚಾಗಿದ್ದರೆ ಹೆದರಬೇಡಿ. ತಂದೆತಾಯಿಯರನ್ನು ಪರೀಕ್ಷೆಗೆ ಕರೆದೊಯ್ಯಿರಿ. ನೀವು ಆಟದ ಮೈದಾನ ಬಿಡಬೇಡಿ.

ಇನ್ನೊಂದು ಮಾತನ್ನು ಹುಡುಗರೂ ಹುಡುಗಿಯರೂ ಸಮವಾಗಿ ಕೇಳಬೇಕು. ಇಂದು ರಾತ್ರಿ ಊಟಕ್ಕೆ ಕೂತಾಗ ಮನೆಯ ಹೆಣ್ಣುಮಕ್ಕಳ ತಟ್ಟೆಯತ್ತ ನೋಡಿ. ಅಲ್ಲಿ ಬೇಳೆ ಇದೆಯೇ, ಸೊಪ್ಪು ಇದೆಯೇ, ಹಾಲೋ ಮೊಟ್ಟೆಯೋ ಇದೆಯೇ, ಅವರು ಎಲ್ಲರ ಜೊತೆಗೇ ಕೂತಿದ್ದಾರೆಯೇ? ಮುಂದಿನ ತಲೆಮಾರಿನ ಆರೋಗ್ಯದ ಒಂದು ಪಾಲು ಆ ತಟ್ಟೆಯಲ್ಲಿದೆ. ಮೈಸೂರಿನ ದಾದಿಯರು ಬರೆದಿಟ್ಟ ಅಂಕಿಗಳಿಂದ ನಾವು ಕಲಿತ ಪಾಠವಿದು.