ಉಗ್ರಾಣದ ಬೀಗದ ಕೈ

ಬಾಳೆಹೊನ್ನೂರಿನ ನಮ್ಮ ಹಳೆಯ ಮನೆಯಲ್ಲಿ ಉಗ್ರಾಣದ ಬೀಗದ ಕೈ ಸದಾ ಅಜ್ಜಿಯ ಸೊಂಟದಲ್ಲಿರುತ್ತಿತ್ತು. ಅಕ್ಕಿ, ಬೆಲ್ಲ, ಎಣ್ಣೆ ಎಲ್ಲವೂ ಅವರ ಅಳತೆಯಲ್ಲೇ ಹೊರಬರಬೇಕು. ಒಂದು ಮಳೆಗಾಲ, ತವರಿಲ್ಲದ ಚಿಕ್ಕಮ್ಮ ನಮ್ಮಲ್ಲೇ ಬಾಣಂತಿ. ಅವಳ ಪಾಲಿನ ತುಪ್ಪಕ್ಕೂ ಅಜ್ಜಿ ಕೈ ಬಿಗಿ ಹಿಡಿದಾಗ ಅಮ್ಮ, ದೊಡ್ಡಮ್ಮ ಒಲೆ ಹೊತ್ತಿಸದೆ ಜಗಲಿಯಲ್ಲಿ ಕುಳಿತುಬಿಟ್ಟರು.

“ಹಿರಿಯರಿಗೆ ಎದುರಾಡುವುದೇ?” ಎಂದು ಅಜ್ಜಿ ಗದರಿದರು.

“ಎದುರಾಡಲಿಲ್ಲ ಅತ್ತೆ, ಅಡುಗೆಮನೆಗೆ ಹೋಗಲು ಕಾಲೇ ಏಳುತ್ತಿಲ್ಲ” ಎಂದರು ದೊಡ್ಡಮ್ಮ, ಮೆಲ್ಲಗೆ.

ನಗರದ ದಂಗೆಯ ಕಥೆ ಓದುವಾಗಲೆಲ್ಲ ನನಗೆ ಆ ಜಗಲಿ ನೆನಪಾಗುತ್ತದೆ. ಅದು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲ. ಕಂದಾಯಕ್ಕೆ ಶರತ್ತು ಪದ್ಧತಿಯಿತ್ತು. ಇಷ್ಟು ಹಣ ಕಟ್ಟುತ್ತೇನೆಂದು ಅಮಲ್ದಾರ ಒಪ್ಪಿಕೊಳ್ಳಬೇಕು. ಕಡಿಮೆ ಬಿದ್ದರೆ ಅವನೇ ತುಂಬಬೇಕು. ಅವನು ಯಾರ ಕಣಜಕ್ಕೆ ಕೈ ಹಾಕುತ್ತಿದ್ದನೆಂದು ಬೇರೆ ಹೇಳಬೇಕೆ? 1830ರಲ್ಲಿ ನಗರ ಸೀಮೆಯ ರೈತರು ಕೂಟ ಸೇರಿ, ಕಂದಾಯ ಕೊಡುವುದಿಲ್ಲವೆಂದರು. ಕೆಳದಿ ವಂಶದವನೆಂದು ಹೇಳಿಕೊಂಡ ಬೂದಿ ಬಸವಪ್ಪ ಮುಂದಾಳಾದ.

ಕೆಳದಿ ರಾಜ್ಯ ಹೈದರನ ವಶವಾದದ್ದು 1763ರಲ್ಲಿ. ಅಷ್ಟು ವರ್ಷಗಳ ಮೇಲೂ ಆ ಹೆಸರಿಗೆ ಅಂಥ ಬೆಲೆ ಏಕೆ? 1689ರಲ್ಲಿ ಔರಂಗಜೇಬನಿಗೆ ಹೆದರದೆ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟ ರಾಣಿ ಚೆನ್ನಮ್ಮಾಜಿಯ ಮನೆತನವಲ್ಲವೇ ಅದು! ವಂಶದ ಹೆಸರಿನೊಳಗೆ ಜನ ಹುಡುಕಿದ್ದು ಕಾಯುವ ಕೈಯನ್ನೇ ಇರಬೇಕು.

ಈ ಲೆಕ್ಕಾಚಾರ ಹೊಸದಲ್ಲ. ಶಾಂತಿಪರ್ವದಲ್ಲಿ ಭೀಷ್ಮ ಹೇಳುವ ಕಥೆಯಿದೆ. ದೊಡ್ಡ ಮೀನು ಸಣ್ಣ ಮೀನನ್ನು ನುಂಗುವಂಥ ಕಾಲ ಬಂದಾಗ ಜನರೇ ಮನುವನ್ನು ಅರಸನಾಗಲು ಒಪ್ಪಿಸಿದರಂತೆ: ನೀನು ನಮ್ಮನ್ನು ಕಾಯಿ, ಬೆಳೆಯಲ್ಲಿ ನಿನಗೆ ಪಾಲು ಕೊಡುತ್ತೇವೆ ಎಂದು. ಕಾಯದವನಿಗೆ ಪಾಲೆಲ್ಲಿಯದು?

ಆದರೆ ಇದೇ ಮಾತು ಬೇರೆಯವರಿಗೂ ನೆಪವಾಗುತ್ತದೆ. 1831ರಲ್ಲಿ ಬ್ರಿಟಿಷರು, ಆಡಳಿತ ಕೆಟ್ಟಿದೆಯೆಂದು ಮೈಸೂರು ರಾಜ್ಯವನ್ನೇ ತಮ್ಮ ಕೈಗೆ ತೆಗೆದುಕೊಂಡರು. ಅದು ಒಡೆಯರಿಗೆ ಮರಳಿದ್ದು 1881ರಲ್ಲಿ. ಐವತ್ತು ವರ್ಷ ಬೀಗದ ಕೈ ಪರರ ಸೊಂಟದಲ್ಲಿತ್ತು. ಅದು ಯಾರಲ್ಲಿರಬೇಕೆಂದು ರೈತರನ್ನು ಕೇಳಿದವರಿಲ್ಲ. ಕೇಳುವ ಕ್ರಮ ಬಂದದ್ದು ಮತಪೆಟ್ಟಿಗೆ ಬಂದ ಮೇಲೆಯೇ.

ನಮ್ಮ ಅಜ್ಜಿ ಅಂದು ಬೀಗದ ಕೈ ಬಿಟ್ಟುಕೊಡಲಿಲ್ಲ. ಸಂಜೆ ತುಪ್ಪದ ಭರಣಿಯನ್ನು ಮಾತ್ರ ಉಗ್ರಾಣದಿಂದ ತಂದು, ಯಾರ ಮುಖವನ್ನೂ ನೋಡದೆ, ಅಡುಗೆಮನೆಯ ಗೂಡಿನಲ್ಲಿಟ್ಟು ಹೋದರು.

ರಾತ್ರಿ ಒಲೆ ಹೊತ್ತಿತು.