ಎಂಜಿನ್ ಎಕ್ಸಾಸ್ಟ್ ಗ್ಯಾಸ್ಕೆಟ್ ಲೀಕ್ ಆದರೆ ಎಂ-ಸೀಲ್ ಮೆತ್ತಿದರೆ ಸಾಕೇ?

ಫೆಬ್ರವರಿ-ಮಾರ್ಚ್ ಬಂತೆಂದರೆ ಮೂಡಿಗೆರೆ ಸುತ್ತಿನ ರೊಬಸ್ಟಾ ತೋಟಗಳಲ್ಲಿ ಹಗಲು ರಾತ್ರಿ ಡೀಸೆಲ್ ಪಂಪ್‌ಸೆಟ್‌ಗಳ ಸದ್ದು. ಹೂಮಳೆ ಬಾರದಿದ್ದರೆ ಸ್ಪ್ರಿಂಕ್ಲರ್ ನೀರಿನಲ್ಲೇ ಹೂ ಅರಳಬೇಕು. ಆ ಹೊತ್ತಿನಲ್ಲಿ ಎಂಜಿನ್ ನಿಲ್ಲಿಸಲು ಯಾರಿಗೂ ಮನಸ್ಸಿರುವುದಿಲ್ಲ. ಹಾಗಾಗಿ ಸೈಲೆನ್ಸರ್ ಬುಡದಲ್ಲಿ 'ಟಪ್ ಟಪ್' ಶುರುವಾದರೆ ಎರಡು ಮಾತು ಕೇಳಿಬರುತ್ತವೆ. ಒಂದು, "ಸ್ವಲ್ಪ ಎಂ-ಸೀಲ್ ಮೆತ್ತಿ ಓಡಿಸಿ." ಇನ್ನೊಂದು, "ಡೀಸೆಲ್ ಹೊಗೆ ತಾನೇ, ಏನೂ ಆಗಲ್ಲ." ಎರಡೂ ತಪ್ಪು. ಎರಡನೆಯದು ಅಪಾಯಕಾರಿಯೂ ಹೌದು.

ಗ್ಯಾಸ್ಕೆಟ್ ಯಾಕೆ ಹೋಗುತ್ತದೆ?

ಸಿಲಿಂಡರ್ ಹೆಡ್ ಮತ್ತು ಹೊಗೆ ಕೊಳವೆಯಾದ ಮ್ಯಾನಿಫೋಲ್ಡ್ ಸೇರುವ ಕಡೆ ಸಂದು ಮುಚ್ಚಲು ಇರುವ ತೆಳ್ಳನೆಯ ಹಾಳೆಯೇ ಗ್ಯಾಸ್ಕೆಟ್. ಲೋಡ್ ಮೇಲೆ ಓಡುವಾಗ ಡೀಸೆಲ್ ಎಂಜಿನ್‌ನ ಹೊಗೆ 400 ಡಿಗ್ರಿ ಸೆಲ್ಸಿಯಸ್ ದಾಟಬಲ್ಲದು. ಬಿಸಿಗೆ ಹಿಗ್ಗಿ, ತಣ್ಣಗಾದಾಗ ಕುಗ್ಗಿ ನಟ್‌ಗಳು ಸಡಿಲವಾಗುತ್ತವೆ, ಮ್ಯಾನಿಫೋಲ್ಡ್ ಸೊಟ್ಟಗಾಗುತ್ತದೆ. ಮಲೆನಾಡಿನ ಮಳೆಗೆ ಸ್ಟಡ್‌ಗಳು ತುಕ್ಕು ಹಿಡಿಯುವುದು ಬೇರೆ.

ಪಂಪ್ ಮನೆಗಳಲ್ಲಿ ಇನ್ನೊಂದು ಕಾರಣವಿದೆ. ಹೊಗೆ ಹೊರಗೆ ಹೋಗಲಿ ಎಂದು ಸೈಲೆನ್ಸರ್‌ಗೆ ಉದ್ದದ ಕಬ್ಬಿಣದ ಪೈಪ್ ಸೇರಿಸಿರುತ್ತಾರೆ. ಉದ್ದೇಶ ಒಳ್ಳೆಯದೇ. ಆದರೆ ಪೈಪಿಗೆ ಗೋಡೆಯಿಂದ ಆಧಾರ ಕೊಡದಿದ್ದರೆ ಅದರ ಪೂರ್ತಿ ಭಾರ, ಜೊತೆಗೆ ಎಂಜಿನ್‌ನ ನಡುಕ, ಎರಡೂ ಆ ಜೋಡಣೆಯ ಮೇಲೇ ಬೀಳುತ್ತವೆ. ಎಷ್ಟು ಹೊಸ ಗ್ಯಾಸ್ಕೆಟ್ ಹಾಕಿದರೂ ಮತ್ತೆ ಹೋಗುವುದು ಇದಕ್ಕೇ. ಪೈಪಿಗೆ ಬ್ರಾಕೆಟ್ ಹಾಕಿ, ಎಂಜಿನ್ ಮತ್ತು ಪೈಪ್ ನಡುವೆ ಬಾಗುವ ಬೆಲ್ಲೋಸ್ ತುಂಡು ಸೇರಿಸಿದರೆ ಈ ಕಾಟ ಬಹುಮಟ್ಟಿಗೆ ತಪ್ಪುತ್ತದೆ.

ಹಾಗಾದರೆ ಎಂ-ಸೀಲ್?

ಅದು ನೀರಿನ ಪೈಪ್, ಟ್ಯಾಂಕ್ ಸೋರಿಕೆಗೆ ಸರಿ. ಇಷ್ಟು ಬಿಸಿಗೆ ಸಾಮಾನ್ಯ ಎಪಾಕ್ಸಿ ಮೆತ್ತಗಾಗಿ, ಸುಟ್ಟು, ಉದುರುತ್ತದೆ. ಅಂಗಡಿಯಲ್ಲಿ ಸಿಗುವ ಕೆಂಪು ಸಿಲಿಕೋನ್ ಗಮ್ ಕೂಡ ಸುಮಾರು 300 ಡಿಗ್ರಿಯ ಆಸುಪಾಸಿನವರೆಗಿನ ಕೆಲಸಕ್ಕೆ, ಮ್ಯಾನಿಫೋಲ್ಡ್‌ಗೆ ಅಲ್ಲ.

ಸರಿಯಾದ ರಿಪೇರಿ ಸ್ವಲ್ಪ ಹೊತ್ತು ಹಿಡಿಯುತ್ತದೆ, ಅಷ್ಟೇ. ಎಂಜಿನ್ ಪೂರ್ತಿ ತಣ್ಣಗಾಗಲಿ. ಜೋಡಣೆಯ ಸುತ್ತ ಕಪ್ಪು ಮಸಿ ಗೆರೆ ಎಲ್ಲಿದೆಯೋ ಲೀಕ್ ಅಲ್ಲೇ. ಹಳೆಯ ಗ್ಯಾಸ್ಕೆಟ್ ಕೆರೆದು ತೆಗೆಯಿರಿ (ಹಳೇ ಎಂಜಿನ್ ಆದರೆ ಅದರಲ್ಲಿ ಆಸ್ಬೆಸ್ಟಾಸ್ ಇರಬಹುದು, ನೀರು ಹಾಕಿ ಒದ್ದೆ ಮಾಡಿ, ಒಣಗಿದ್ದಾಗ ಬ್ರಶ್ ಹಾಕಬೇಡಿ). ನೇರ ಪಟ್ಟಿ ಇಟ್ಟು ಮ್ಯಾನಿಫೋಲ್ಡ್ ಸೊಟ್ಟಗಾಗಿದೆಯೇ ನೋಡಿಸಿ; ಆಗಿದ್ದರೆ ಲೇತ್ ಅಂಗಡಿಯಲ್ಲಿ ಫೇಸಿಂಗ್ ಮಾಡಿಸದೆ ಹೊಸ ಗ್ಯಾಸ್ಕೆಟ್ ಹಾಕುವುದು ದಂಡ. ನಟ್‌ಗಳನ್ನು ನಡುವಿನಿಂದ ಶುರುಮಾಡಿ ಎರಡೂ ಬದಿಗೆ, ಎರಡು ಮೂರು ಸುತ್ತಿನಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿಸಬೇಕು. ಹಳೆಯದನ್ನೇ ಮತ್ತೆ ಹಾಕಿದರೆ ಅದು ಒಮ್ಮೆ ಅಮುಕಿದ್ದರಿಂದ ಸರಿಯಾಗಿ ಕೂರುವುದಿಲ್ಲ.

ಡೀಸೆಲ್ ಹೊಗೆ ವಿಷವಲ್ಲವೇ?

ಪೆಟ್ರೋಲ್ ಎಂಜಿನ್‌ಗಿಂತ ಡೀಸೆಲ್ ಎಂಜಿನ್ ಕಾರ್ಬನ್ ಮಾನಾಕ್ಸೈಡ್ ಅನ್ನು ಕಡಿಮೆ ಬಿಡುತ್ತದೆ ಎಂಬುದು ನಿಜ. ಕಡಿಮೆ ಎಂದರೆ ಇಲ್ಲವೇ ಇಲ್ಲ ಎಂದಲ್ಲ. ಏರ್ ಫಿಲ್ಟರ್ ಕಟ್ಟಿಕೊಂಡು ಕಪ್ಪು ಹೊಗೆ ಉಗುಳುವ ಎಂಜಿನ್‌ನಲ್ಲಿ ಅದು ಹೆಚ್ಚುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2012ರಲ್ಲಿ ಡೀಸೆಲ್ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಮಳೆಗಾಲದಲ್ಲಿ ಕರೆಂಟ್ ಹೋದಾಗ ಜಗಲಿಯಲ್ಲೋ ಸ್ಟೋರ್ ರೂಮಿನಲ್ಲೋ ಓಡಿಸುವ ಪೆಟ್ರೋಲ್ ಜನರೇಟರ್ ಇನ್ನೂ ಅಪಾಯ. ಅದಕ್ಕೆ ಗ್ಯಾಸ್ಕೆಟ್ ಲೀಕ್ ಕೂಡ ಬೇಕಿಲ್ಲ.

ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200ಕ್ಕೂ ಹೆಚ್ಚು ಪಟ್ಟು ಬಲವಾಗಿ ಅಂಟಿಕೊಳ್ಳುತ್ತದೆ. ಒದ್ದೆ ಬಟ್ಟೆ, ಎನ್-95 ಮಾಸ್ಕ್ ಯಾವುದೂ ಅದನ್ನು ತಡೆಯುವುದಿಲ್ಲ. ರಾತ್ರಿ ಪಾಳಿಯಲ್ಲಿ ಚಳಿಗೆಂದು ಪಂಪ್ ಮನೆ ಬಾಗಿಲು ಹಾಕಿಕೊಂಡು ಎಂಜಿನ್ ಪಕ್ಕದಲ್ಲೇ ಮಲಗುವವರಿದ್ದಾರೆ; ಲೀಕ್ ಇರಲಿ ಇಲ್ಲದಿರಲಿ, ಅದು ಬೇಡವೇ ಬೇಡ.

ಕಳಸದ ಮಳೆಯಲ್ಲಿ ಟಾರ್ಪಾಲ್ ಇಳಿಬಿಟ್ಟು ಓಡುವ ಜೀಪುಗಳಿಗೂ ಇದು ಅನ್ವಯ. ಪಕ್ಕ ಮುಚ್ಚಿ ಹಿಂಬದಿ ಮಾತ್ರ ತೆರೆದಿದ್ದರೆ ಓಡುವ ಗಾಡಿಯ ಹಿಂದೆ ಒತ್ತಡ ಕಡಿಮೆಯಾಗಿ ಹೊಗೆ ಒಳಕ್ಕೇ ಸೆಳೆದು ಬರುತ್ತದೆ. ಹಿಂದಿನ ಡೆಕ್ ತೆರೆದಿರುವ ಮೋಟಾರ್ ಬೋಟ್‌ಗಳಲ್ಲೂ ಇದೇ ತೊಂದರೆಯಿದೆ. ಜೀಪಿನಲ್ಲಿ ಮುಂದಿನಿಂದ ಗಾಳಿ ಬರಲು ಸ್ವಲ್ಪ ಜಾಗ ಬಿಡಿ.

ಹೊಗೆಯಿದ್ದ ಜಾಗದಲ್ಲಿ ಇಬ್ಬರು ಮೂವರಿಗೆ ಒಟ್ಟಿಗೇ ತಲೆನೋವು, ತಲೆಸುತ್ತು, ವಾಕರಿಕೆ ಬಂದರೆ ಎಲ್ಲರೂ ತಕ್ಷಣ ಬಯಲಿಗೆ ಬನ್ನಿ, 108ಕ್ಕೆ ಕರೆ ಮಾಡಿ. ಕೋವಿಡ್ ಕಾಲದಲ್ಲಿ ಕೊಂಡ ಪಲ್ಸ್ ಆಕ್ಸಿಮೀಟರ್ 98 ತೋರಿಸಿತೆಂದು ಸುಮ್ಮನಾಗಬೇಡಿ. ಕಾರ್ಬನ್ ಮಾನಾಕ್ಸೈಡ್ ಹಿಡಿದ ರಕ್ತವನ್ನೂ ಅದು ಆಮ್ಲಜನಕವಿರುವ ರಕ್ತವೆಂದೇ ಓದುತ್ತದೆ. ಆಸ್ಪತ್ರೆಯಲ್ಲಿ "ಎಂಜಿನ್ ಹೊಗೆ ಕುಡಿದಿದ್ದೇವೆ" ಎಂದು ಮೊದಲೇ ಹೇಳಿ. ಚಿಕಿತ್ಸೆ ಆಮ್ಲಜನಕವೇ, ರಕ್ತ ಪರೀಕ್ಷೆಯೂ ಬೇರೆಯದೇ ಬೇಕಾಗುತ್ತದೆ.